ಕೊಡಗಿನಲ್ಲಿ ಐದು ದಿನ ಸೈಕಲ್ ಮೇಲೆ: ಗುಂಪು ಪ್ರವಾಸಕ್ಕೆ ಹೊರಡುವವರಿಗೆ ಬಾಲಂಗೋಚಿಯ ಕಿವಿಮಾತು

ಗುಂಪಿನಲ್ಲಿ ಹೋಗುವ ಸೈಕಲ್ ಪ್ರವಾಸಗಳಲ್ಲಿ ಎಲ್ಲರಿಗಿಂತ ಹಿಂದೆ ಒಬ್ಬ ಸವಾರ ಬರುತ್ತಾನೆ. ಅವನ ಬೆನ್ನಿಗೆ ಒಂದು ವಾಹನ. ಅದರ ಹಿಂದೆ ಯಾರೂ ಇರುವುದಿಲ್ಲ. ಆಯೋಜಕರು ಅವನನ್ನು ‘ಸ್ವೀಪ್’ ಎನ್ನುತ್ತಾರೆ, ನಮ್ಮ ತಂಡದಲ್ಲಿ ಅವನಿಗೆ ಬಾಲಂಗೋಚಿ ಎಂದು ಹೆಸರು. ಕೊಡಗಿನ ರಸ್ತೆಗಳಲ್ಲಿ ಕೆಲವು ವರ್ಷಗಳಿಂದ ನಾನು ಮಾಡುತ್ತಿರುವುದು ಇದೇ ಕೆಲಸ. ಗಾಳಿಪಟದ ಬಾಲದಲ್ಲಿ ಕೂತವನಿಗೆ ಮುಂದಿನದೆಲ್ಲ ಚೆನ್ನಾಗಿ ಕಾಣುತ್ತದೆ. ಯಾರು ಅಭ್ಯಾಸ ಮಾಡಿ ಬಂದಿದ್ದಾರೆ, ಯಾರು ಬರೀ ದುಬಾರಿ ಸೈಕಲ್ ತಂದಿದ್ದಾರೆ, ಯಾರು ಬೆಳಗಿನ ತಿಂಡಿ ಬಿಟ್ಟಿದ್ದಾರೆ ಎಂಬುದು ಮೊದಲ ಹತ್ತು ಕಿಲೋಮೀಟರ್‌ನಲ್ಲೇ ತಿಳಿದುಹೋಗುತ್ತದೆ.

ನಾನು ಕಂಡಂತೆ, ಇಂಥ ಪ್ರವಾಸಗಳಲ್ಲಿ ಸೋಲುವವರು ಶಕ್ತಿ ಕಡಿಮೆ ಇದ್ದವರಲ್ಲ. ಸಹಾಯ ಕೇಳಲು ನಾಚಿದವರು ಸೋಲುತ್ತಾರೆ. ಹಣ ಕೊಟ್ಟು ಬೆಂಬಲ ಪಡೆದಿದ್ದೀರಿ. ಅದನ್ನು ಬಳಸುವುದು ಹೇಗೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಂಬಲ ಎಂದರೆ ಇಷ್ಟು. ನಿಮ್ಮ ಬ್ಯಾಗು ವಾಹನದಲ್ಲಿ ಮುಂದಿನ ಊರಿಗೆ ಹೋಗುತ್ತದೆ. ಪ್ರತಿ 20–25 ಕಿಲೋಮೀಟರ್‌ಗೆ ನೀರು, ಹಣ್ಣು, ತಿನಿಸು ಸಿಗುತ್ತದೆ. ಜೊತೆಯಲ್ಲಿ ಮೆಕ್ಯಾನಿಕ್ ಇರುತ್ತಾನೆ, ಪ್ರಥಮ ಚಿಕಿತ್ಸೆ ಇರುತ್ತದೆ, ರಾತ್ರಿ ಮಲಗಲು ಜಾಗ ಗೊತ್ತುಮಾಡಿರುತ್ತದೆ. ಪೆಡಲ್ ತುಳಿಯುವ ಕೆಲಸ ಮಾತ್ರ ನಿಮ್ಮದು. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಈ ಬಗೆಯ ಪ್ರವಾಸವನ್ನು ದಕ್ಷಿಣದ ಸವಾರರಿಗೆ ಪರಿಚಯ ಮಾಡಿಸಿದವುಗಳಲ್ಲಿ ಒಂದು. ಈಗ ಹತ್ತು ಹದಿನೈದು ಜನರ ಚಿಕ್ಕ ತಂಡಗಳೂ ಇದೇ ಕ್ರಮದಲ್ಲಿ ಹೊರಡುತ್ತವೆ. ಮೊದಲ ಸಲ ಹೋಗುವವರಿಗೆ ಚಿಕ್ಕ ತಂಡವೇ ಲೇಸು.

ಕೊಡಗಿನ ರಸ್ತೆಯ ಸ್ವಭಾವ

ಕುಶಾಲನಗರ ಸಮುದ್ರಮಟ್ಟದಿಂದ ಸುಮಾರು 830 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಸುಮಾರು 1,150, ತಲಕಾವೇರಿ 1,276. ಕಾಗದದ ಮೇಲೆ ನೋಡಿದರೆ ಐದು ದಿನಕ್ಕೆ 450 ಮೀಟರ್ ಏರು ಏನು ಮಹಾ ಅನ್ನಿಸುತ್ತದೆ. ಅಲ್ಲೇ ಜನ ಮೋಸಹೋಗುತ್ತಾರೆ. ಕೊಡಗಿನಲ್ಲಿ ತಗ್ಗಿನಲ್ಲಿ ಗದ್ದೆ, ಇಳಿಜಾರಿನಲ್ಲಿ ಕಾಫಿ ತೋಟ. ರಸ್ತೆ ಒಂದು ಗದ್ದೆಗೆ ಇಳಿಯುತ್ತದೆ, ತೊರೆ ದಾಟುತ್ತದೆ, ತೋಟಕ್ಕೆ ಏರುತ್ತದೆ, ಆಚೆಯ ಗದ್ದೆಗೆ ಮತ್ತೆ ಇಳಿಯುತ್ತದೆ. ಹತ್ತಿದ್ದನ್ನೆಲ್ಲ ಕೈಬಿಟ್ಟು ಪುನಃ ಹತ್ತಬೇಕು. ಯಾವ ಏರೂ ಚಾರ್ಮಾಡಿಯಷ್ಟು ಉದ್ದವಿಲ್ಲ, ಆದರೆ ಮುಗಿಯಿತು ಎನ್ನುವಂತೆಯೂ ಇಲ್ಲ. ಹಾಗಾಗಿ ಕಿಲೋಮೀಟರ್ ಲೆಕ್ಕ ಬದಿಗಿಟ್ಟು ದಿನಕ್ಕೆ ಒಟ್ಟು ಎಷ್ಟು ಮೀಟರ್ ಏರು ಎಂದು ಕೇಳಿ. ಹತ್ತು ಕಿಲೋಮೀಟರ್‌ಗೆ ನೂರು ಮೀಟರ್ ಇದ್ದರೆ ಸಾಧಾರಣ ದಿನ. ಇನ್ನೂರು ಮೀಟರ್ ಆಯಿತೆಂದರೆ ಅಂದು ಸಂಜೆ ಯಾರೂ ಮಾತಾಡುವುದಿಲ್ಲ.

ಯಾವ ತಿಂಗಳು

ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಕೊಡಗಿಗೆ ಸೈಕಲ್ ತರುವ ಮಾತೇ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ರಸ್ತೆಗಳು ಕೊಚ್ಚಿಹೋದದ್ದನ್ನು ಕಂಡವರು ಮಳೆಗಾಲದ ಸಾಹಸವನ್ನು ಮೆಚ್ಚುವುದಿಲ್ಲ. ಜೋರು ಮಳೆಯಲ್ಲಿ ಭಾಗಮಂಡಲದ ತ್ರಿವೇಣಿ ಸಂಗಮ ತುಂಬಿ ನಾಪೋಕ್ಲು ರಸ್ತೆಯ ಮೇಲೆ ನೀರು ಹರಿಯುವುದು ಹೆಚ್ಚುಕಡಿಮೆ ಪ್ರತಿವರ್ಷದ ಸುದ್ದಿ. ಅಕ್ಟೋಬರ್ ನಡುವಿನಲ್ಲಿ ತೀರ್ಥೋದ್ಭವಕ್ಕೆ ತಲಕಾವೇರಿಯಲ್ಲಿ ಜನಸಾಗರ ಸೇರುತ್ತದೆ. ಆ ವಾರವನ್ನೂ ಬಿಡಿ.

ಡಿಸೆಂಬರ್, ಜನವರಿಯಲ್ಲಿ ಅರೇಬಿಕಾ ಕೊಯ್ಲು ನಡೆದಿರುತ್ತದೆ. ಕಣದಲ್ಲಿ ಹರಡಿದ ಹಣ್ಣಿನ ಹುಳಿ ವಾಸನೆ ರಸ್ತೆಗೇ ಬರುತ್ತದೆ. ಫೆಬ್ರುವರಿಯ ಕೊನೆ, ಮಾರ್ಚ್‌ನಲ್ಲಿ ಹೂಮಳೆ ಬಿದ್ದರೆ ತೋಟಗಳೆಲ್ಲ ಬೆಳ್ಳಗಾಗುತ್ತವೆ. ನೋಡಲು ಅದೇ ಚೆಂದ. ಆದರೆ ಮಳೆ ಬಾರದ ಕಡೆ ಸ್ಪ್ರಿಂಕ್ಲರ್ ಹಾಕಿರುತ್ತಾರೆ, ಆ ನೀರು ರಸ್ತೆಗೂ ಬೀಳುತ್ತದೆ. ಒಣ ರಸ್ತೆಯಲ್ಲಿ ಬರುತ್ತಿದ್ದವನಿಗೆ ತಿರುವಿನಲ್ಲಿ ಏಕಾಏಕಿ ಹತ್ತು ಅಡಿ ಒದ್ದೆ ನೆಲ ಎದುರಾಗುತ್ತದೆ.

ಹಣ ಕಟ್ಟುವ ಮೊದಲು ಕೇಳಬೇಕಾದದ್ದು

ಫೋನ್ ಮಾಡಿ, ಸಂಕೋಚವಿಲ್ಲದೆ ಕೇಳಿ. ಎಷ್ಟು ಸವಾರರಿಗೆ ಎಷ್ಟು ವಾಹನ? ಹದಿನೈದು ಜನರಿಗೆ ಒಂದೇ ವಾಹನವಾದರೆ ಅದು ಮುಂದಿರುವುದೋ ಹಿಂದಿರುವುದೋ? ಮುಂದೆ ಒಂದು, ಹಿಂದೆ ಒಂದು ಇದ್ದರೆ ಮಾತ್ರ ಅದು ಬೆಂಬಲ. ಒಂದೇ ಇದ್ದರೆ ಸಾಮಾನು ಸಾಗಣೆ. ಸೋತವರ ಸೈಕಲ್ ಇಡಲು ವಾಹನದ ಮೇಲೆ ಸ್ಟ್ಯಾಂಡ್ ಇದೆಯೇ? ಮೆಕ್ಯಾನಿಕ್ ಪ್ರತ್ಯೇಕವಾಗಿ ಇದ್ದಾನೆಯೇ, ಅಥವಾ ಚಾಲಕನೇ ಮೆಕ್ಯಾನಿಕ್ಕೂ ಹೌದೇ? ದಿನದ ಗಡುವು ಎಷ್ಟು ಗಂಟೆಗೆ, ಅದು ಮೀರಿದರೆ ಏನು ಮಾಡುತ್ತಾರೆ? ಬಂದ್ ಆದರೆ, ಅಕಾಲದ ಮಳೆ ಬಂದರೆ ಹಣದ ಗತಿ ಏನು? ಅಪಘಾತ ವಿಮೆ ಅವರದೋ ನಿಮ್ಮದೋ?

ನಾಗರಹೊಳೆಯ ಒಳಗಿನ ಕಾಡುದಾರಿಯನ್ನು ಸೈಕಲ್ ಮಾರ್ಗವೆಂದು ತೋರಿಸಿದರೆ ಅರಣ್ಯ ಇಲಾಖೆಯ ಅನುಮತಿ ಪತ್ರ ತೋರಿಸಿ ಎನ್ನಿ. “ಅದೆಲ್ಲ ನೋಡಿಕೊಳ್ಳುತ್ತೇವೆ ಸಾರ್” ಎಂಬ ಉತ್ತರ ಬಂದರೆ ಬೇರೆ ಆಯೋಜಕರನ್ನು ಹುಡುಕಿ.

ಹನ್ನೆರಡು ವಾರ

ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ಆರಾಮವಾಗಿ ತುಳಿಯುವವರಿಗೆ ಮೂರು ತಿಂಗಳ ತಯಾರಿ ಸಾಕು. ವಾರಕ್ಕೆ ನಾಲ್ಕು ದಿನ. ವಾರದ ನಡುವೆ ಎರಡು ದಿನ ಒಂದೊಂದು ಗಂಟೆ. ಶನಿವಾರ ಉದ್ದದ ಸವಾರಿ. ಭಾನುವಾರ ಶುರುವಿನಲ್ಲಿ ಅದರ ಅರ್ಧ, ಬರಬರುತ್ತಾ ಹೆಚ್ಚು. ಶನಿವಾರದ ದೂರವನ್ನು ವಾರಕ್ಕೆ ನೂರಕ್ಕೆ ಹತ್ತರಷ್ಟು ಏರಿಸುತ್ತಾ ಹೋಗಿ, ನಾಲ್ಕನೆಯ ವಾರ ಇಳಿಸಿ. ಹತ್ತನೆಯ ವಾರದ ಹೊತ್ತಿಗೆ ಶನಿವಾರ 60, ಭಾನುವಾರ 50 ಕಿಲೋಮೀಟರ್ ಆಗುವಂತಿರಲಿ. ಕೊನೆಯ ವಾರ ಕಾಲಿಗೆ ರಜೆ, ಒಂದೆರಡು ಸಣ್ಣ ಸುತ್ತು ಮಾತ್ರ.

ಇದರಲ್ಲಿ ಜನ ತಪ್ಪಿಸುವುದು ಭಾನುವಾರವನ್ನು. ಶನಿವಾರ ನೂರು ಕಿಲೋಮೀಟರ್ ಹೊಡೆದು ಚಿತ್ರ ಹಾಕಿ ಭಾನುವಾರ ಮಧ್ಯಾಹ್ನದವರೆಗೆ ಮಲಗುತ್ತಾರೆ. ಪ್ರವಾಸದ ಕಷ್ಟ ಮೊದಲ ದಿನದ ದೂರದಲ್ಲಿಲ್ಲ. ಎರಡನೆಯ ದಿನ ಬೆಳಿಗ್ಗೆ ನೋಯುವ ಕುಂಡಿಯನ್ನು ಮತ್ತೆ ಸೀಟಿನ ಮೇಲೆ ಇಡುವುದರಲ್ಲಿದೆ. ಆ ಅಭ್ಯಾಸ ಭಾನುವಾರ ಮಾತ್ರ ಆಗುತ್ತದೆ.

ಏರಿಗೆ ಬೆಂಗಳೂರಿನವರಿಗೆ ನಂದಿ ಬೆಟ್ಟವಿದೆ, ಮೈಸೂರಿನವರಿಗೆ ಚಾಮುಂಡಿ ಬೆಟ್ಟ. ಒಂದು ಸಲ ಜೋರಾಗಿ ಹತ್ತುವುದಕ್ಕಿಂತ ಎರಡು ಸಲ ನಿಧಾನವಾಗಿ ಹತ್ತಿ. ಉಸಿರಾಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನ. ಬೆಟ್ಟವಿಲ್ಲದ ಊರಿನವರು ಬೆಳಗಿನ ಜಾವ ಯಾವುದಾದರೂ ಮೇಲ್ಸೇತುವೆಯನ್ನು ಹತ್ತು ಸಲ ಹತ್ತಿ ಇಳಿಯಿರಿ. ನೋಡಿದವರು ನಗಬಹುದು, ನಗಲಿ. ಗಟ್ಟಿ ಗೇರ್‌ನಲ್ಲಿ ಒದ್ದಾಡುವ ಬದಲು ಹಗುರ ಗೇರ್‌ನಲ್ಲಿ ನಿಮಿಷಕ್ಕೆ 70–80 ಸುತ್ತು ತುಳಿಯುವುದನ್ನು ರೂಢಿ ಮಾಡಿಕೊಂಡರೆ ಮಂಡಿ ಉಳಿಯುತ್ತದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಬಹುಪಾಲು ಸೀಟು ತಗ್ಗಾಗಿರುತ್ತದೆ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟಾಗ, ಪೆಡಲ್ ಕೆಳಗಿರುವಾಗ ಕಾಲು ನೇರವಾಗಬೇಕು. ಅಷ್ಟು ಎತ್ತರ ಸರಿ.

ಸೈಕಲ್, ಮತ್ತು ಒಂದು ಚೂರು ಅಲ್ಯೂಮಿನಿಯಂ

ಯಾವ ಸೈಕಲ್ ಎಂದು ಎಲ್ಲರೂ ಮೊದಲು ಕೇಳುವುದರಿಂದ ಹೇಳುತ್ತೇನೆ: ಗೇರ್ ಇರುವ, ನಿಮ್ಮ ಮೈಗೆ ಹೊಂದಿದ, ನಿಮಗೆ ಈಗಾಗಲೇ ಅಭ್ಯಾಸವಾಗಿರುವ ಸೈಕಲ್. ರೋಡ್ ಬೈಕ್, ಹೈಬ್ರಿಡ್, ಎಂಟಿಬಿ (ಬೆಟ್ಟದ ಸೈಕಲ್) ಯಾವುದಾದರೂ ನಡೆಯುತ್ತದೆ. ರೋಡ್ ಬೈಕ್ ಆದರೆ ಮುಂದಿನ ಚಿಕ್ಕ ಹಲ್ಲುಚಕ್ರ 34 ಹಲ್ಲು, ಹಿಂದಿನ ದೊಡ್ಡದು 32 ಅಥವಾ 34 ಹಲ್ಲು ಇರಲಿ. ಹಿಂದೆ 25 ಹಲ್ಲಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಹಾಕಿಕೊಂಡು ಬಂದ ಬಲಿಷ್ಠರು ತಳ್ಳಿಕೊಂಡು ಹೋಗುವುದನ್ನು ನೋಡಿದ್ದೇನೆ. ಟಯರ್ 28ರಿಂದ 32 ಮಿಲಿಮೀಟರ್ ಅಗಲ, ಬ್ರೇಕ್ ಪ್ಯಾಡ್ ಹೊಸದು. ಪ್ರವಾಸಕ್ಕೆ ಎರಡು ವಾರ ಮೊದಲು ಸರ್ವಿಸ್ ಮಾಡಿಸಿ. ಹಿಂದಿನ ದಿನ ಬೇಡ. ಹೊಸ ಕೇಬಲ್ ಸ್ವಲ್ಪ ಓಡಿದ ಮೇಲೆ ಸಡಿಲವಾಗುತ್ತದೆ, ಅದನ್ನು ಮತ್ತೆ ಬಿಗಿಸಬೇಕು.

ಇನ್ನು ಹ್ಯಾಂಗರ್. ಹಿಂದಿನ ಗೇರ್ ಯಂತ್ರವನ್ನು ಫ್ರೇಮಿಗೆ ಹಿಡಿದಿಡುವ, ಹೆಬ್ಬೆರಳಿನಷ್ಟು ದೊಡ್ಡ ಅಲ್ಯೂಮಿನಿಯಂ ತುಂಡು ಅದು. ಪೆಟ್ಟು ಬಿದ್ದರೆ ಫ್ರೇಮ್ ಉಳಿದು ತಾನು ಮುರಿಯಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಒಂದೊಂದು ಮಾದರಿಗೆ ಒಂದೊಂದು ಆಕಾರ.

ಚೆಯ್ಯಂಡಾಣೆ ದಾಟಿ ಕಕ್ಕಬ್ಬೆ ಕಡೆಗೆ ಹೋಗುವಾಗ ಒಮ್ಮೆ ಒಬ್ಬ ಹುಡುಗ ಏರಿನ ನಡುವೆ, ಪೂರ್ತಿ ಭಾರ ಹಾಕಿ ತುಳಿಯುತ್ತಲೇ ಗೇರ್ ಬದಲಿಸಿದ. ಕಟ್ಟಿಗೆ ಮುರಿದಂಥ ಸದ್ದು. ಗೇರ್ ಯಂತ್ರ ಚಕ್ರದ ಕಡ್ಡಿಗಳೊಳಗೆ ಹೊಕ್ಕು ಚೈನಿಗೆ ಜೋತುಬಿದ್ದಿತ್ತು. ಮೆಕ್ಯಾನಿಕ್ ಬಂದು ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಬಟ್ಟೆ ಹಾಸಿ ತನ್ನ ಡಬ್ಬಿ ಸುರಿದ. ಆರು ಹ್ಯಾಂಗರ್ ಇದ್ದವು. ಒಂದೊಂದನ್ನೇ ಫ್ರೇಮಿಗೆ ಹಿಡಿದು ನೋಡಿದ. ಒಂದರ ತೂತು ಅರ್ಧ ಕೂಡಿತು, ಒಂದು ಬಲಕ್ಕೆ ಬಾಗಿತ್ತು, ಒಂದು ದಪ್ಪವಾಯಿತು. ಆರೂ ಮುಗಿದ ಮೇಲೆ ಮಾತಿಲ್ಲದೆ ಚೈನ್ ತುಂಡರಿಸಿ, ಗಿಡ್ಡ ಮಾಡಿ, ನಡುವಿನ ಒಂದು ಹಲ್ಲುಚಕ್ರಕ್ಕೆ ಕಟ್ಟಿಕೊಟ್ಟ. ಹುಡುಗ ಒಂದೇ ಗೇರ್‌ನಲ್ಲಿ ಕಕ್ಕಬ್ಬೆ ಮುಟ್ಟಿದ, ಏರುಗಳನ್ನೆಲ್ಲ ನಡೆದು. ಉಳಿದ ಮೂರು ದಿನ ವಾಹನದಲ್ಲಿ ಕೂತು ಕೊಡಗು ನೋಡಿದ. ಕೆಲವು ನೂರು ರೂಪಾಯಿಯ ಆ ತುಂಡನ್ನು ನಿಮ್ಮ ಸೈಕಲ್ ಮಾದರಿಗೆ ಸರಿಯಾಗಿ ಕೊಂಡು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಳ್ಳಿ. ಏರು ಶುರುವಾಗುವ ಮೊದಲೇ ಗೇರ್ ಇಳಿಸುವುದನ್ನು ಕಲಿಯಿರಿ.

ಅದೇ ಚೀಲದಲ್ಲಿ ಎರಡು ಟ್ಯೂಬ್, ಟಯರ್ ಲಿವರ್, ಸಣ್ಣ ಪಂಪು ಇರಲಿ. ಮೆಕ್ಯಾನಿಕ್ ಇದ್ದಾನಲ್ಲ ಎನ್ನಬೇಡಿ. ಅವನು ಐದು ಕಿಲೋಮೀಟರ್ ಹಿಂದೆ ಇನ್ನೊಬ್ಬರ ಪಂಕ್ಚರ್ ಹಾಕುತ್ತಿರಬಹುದು. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಹಗಲಲ್ಲೂ ಬೇಕು. ಬೆಳಗಿನ ಮಂಜಿನಲ್ಲಿ ಎದುರಿನ ಜೀಪಿನವನಿಗೆ ನಿಮ್ಮ ಬಣ್ಣದ ಅಂಗಿ ಕಾಣುವುದಿಲ್ಲ. ಇನ್ನೊಂದು, ಗಂಟೆ. ಹೌದು, ಮಕ್ಕಳ ಸೈಕಲ್ಲಿನದೇ ಟ್ರಿಣ್ ಟ್ರಿಣ್ ಗಂಟೆ. ತೋಟದ ರಸ್ತೆಗಳ ಕುರುಡು ತಿರುವುಗಳಲ್ಲಿ ಎಲ್ಲರೂ ಹಾರನ್ ಮಾಡುತ್ತಾರೆ, ನೀವೂ ಮಾಡಬೇಕು.

ಬ್ಯಾಗು ಮತ್ತು ಕೊಡಗು ತಲುಪುವುದು

ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ ಮೂರು ತನ್ನಿ. ಎರಡು ಸಾಲದು. ಚಳಿಗಾಲದಲ್ಲಿ ಇಲ್ಲಿ ಸಂಜೆ ಒಗೆದದ್ದು ಬೆಳಿಗ್ಗೆಗೆ ಒಣಗುವುದಿಲ್ಲ. ಒಣ ಟವೆಲಿನಲ್ಲಿ ಸುತ್ತಿ ಹಿಂಡಿದರೆ ಅರ್ಧ ನೀರು ಹೋಗುತ್ತದೆ, ಉಳಿದದ್ದು ದೇವರ ಇಚ್ಛೆ. ಆ ಚಡ್ಡಿಯ ಒಳಗೆ ಒಳಉಡುಪು ಹಾಕಬಾರದು. ಅದರ ಹೊಲಿಗೆಯೇ ತೊಡೆ ಸಂದಿಯನ್ನು ಉಜ್ಜಿ ಹುಣ್ಣು ಮಾಡುತ್ತದೆ. ಉಜ್ಜುವ ಕಡೆ ಕ್ರೀಮ್ ಅಥವಾ ವ್ಯಾಸಲಿನ್ ಹಚ್ಚಿ, ದಿನದ ಸವಾರಿ ಮುಗಿದ ತಕ್ಷಣ ಚಡ್ಡಿ ಬದಲಿಸಿ, ಆಮೇಲೆ ಕಾಫಿ.

ತೆಳುವಾದ ಗಾಳಿತಡೆ ಜಾಕೆಟ್, ಪೂರ್ತಿ ಬೆರಳಿನ ಕೈಗವಸು ಬೇಕು. ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲಿ ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು, ಇಳಿಜಾರಿನ ಗಾಳಿಯಲ್ಲಿ ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲಾಗುವುದಿಲ್ಲ. ಒಂದು ಪಂಚೆ ಅಥವಾ ಹಗುರ ಪ್ಯಾಂಟು ವಾಹನದಲ್ಲಿ ಕೈಗೆ ಸಿಗುವಂತಿರಲಿ, ತಲಕಾವೇರಿಯ ದೇವಸ್ಥಾನಕ್ಕೆ ಬಿಗಿ ಚಡ್ಡಿಯಲ್ಲಿ ಹೋಗುವುದು ಮರ್ಯಾದೆಯಲ್ಲ. ಕಾಯಂ ಔಷಧಿ, ಓಆರ್‌ಎಸ್ ಪೊಟ್ಟಣ, ಮೊಬೈಲಿನಲ್ಲಿ ಮೊದಲೇ ಇಳಿಸಿಕೊಂಡ ನಕ್ಷೆ. ಕಕ್ಕಬ್ಬೆ, ಭಾಗಮಂಡಲದ ಕಡೆ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ.

ಕೊಡಗಿನಲ್ಲಿ ರೈಲು ನಿಲ್ದಾಣವೇ ಇಲ್ಲ. ಮೈಸೂರಿನವರೆಗೆ ರೈಲು, ಅಲ್ಲಿಂದ ಕುಶಾಲನಗರಕ್ಕೆ ಬಸ್ಸು ಅಥವಾ ಆಯೋಜಕರ ವಾಹನ. ಹಿಂದಿನ ಮಧ್ಯಾಹ್ನವೇ ಬಂದು ಸೇರಿ. ರಾತ್ರಿ ಬಸ್ಸಿನಲ್ಲಿ ಕೂತು ಬಂದು ಬೆಳಿಗ್ಗೆ ಸೈಕಲ್ ಹತ್ತಿದವರು ಮಧ್ಯಾಹ್ನ ನನ್ನ ಜೊತೆಗಿರುತ್ತಾರೆ.

ಐದು ದಿನದ ದಾರಿ

ಆಯೋಜಕರ ದಾರಿಗಳು ಬೇರೆ ಬೇರೆ ಇರುತ್ತವೆ. ನನಗೆ ಮೆಚ್ಚುಗೆಯಾದದ್ದು ಇದು.

ಮೊದಲ ದಿನ ಕುಶಾಲನಗರದಿಂದ ಗುಡ್ಡೆಹೊಸೂರು, ನಂಜರಾಯಪಟ್ಟಣ, ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ. ದುಬಾರೆಯ ಆಸುಪಾಸಿನವರೆಗೆ ಕಾವೇರಿ ಜೊತೆಗಿರುತ್ತಾಳೆ. ದೊಡ್ಡ ಏರಿಲ್ಲ, ಕಾಲು ಸಡಿಲಿಸುವ ದಿನ. ಎರಡನೆಯ ದಿನ ವಿರಾಜಪೇಟೆಯಿಂದ ಕಡಂಗ, ಚೆಯ್ಯಂಡಾಣೆ ಮೂಲಕ ಕಕ್ಕಬ್ಬೆ. ದೂರ ಕಡಿಮೆ, ಏರಿಳಿತ ಹೆಚ್ಚು. ಎದುರಿಗೆ ಕೊಡಗಿನ ಅತಿ ಎತ್ತರದ ತಡಿಯಂಡಮೋಳ್, 1,748 ಮೀಟರ್. ಬೇಗ ತಲುಪಿದವರು 1792ರ ನಾಲ್ಕುನಾಡು ಅರಮನೆ ನೋಡಿ ಬರಬಹುದು. ಕಾಲು ಚಾಚಿ ಕೂರಲು ಅದರ ಜಗಲಿ ಚೆನ್ನಾಗಿದೆ. ಮೂರನೆಯ ದಿನ ನಾಪೋಕ್ಲು, ಭಾಗಮಂಡಲ, ಮತ್ತು ಕೊನೆಯ 8 ಕಿಲೋಮೀಟರ್ ತಲಕಾವೇರಿ ಏರು. ಆ ರಾತ್ರಿ ಭಾಗಮಂಡಲಕ್ಕೆ ಇಳಿದು ತಂಗುವುದು. ನಾಲ್ಕನೆಯ ದಿನ ಚೇರಂಬಾಣೆ, ಬೆಟ್ಟಗೇರಿ ದಾರಿಯಲ್ಲಿ ಮಡಿಕೇರಿಗೆ ಸುಮಾರು 40 ಕಿಲೋಮೀಟರ್. ಊರು ಹತ್ತಿರ ಬಂತು ಎಂದುಕೊಂಡ ಮೇಲೆ ಬರುವ ಏರು ಎಲ್ಲರಿಂದಲೂ ಬೈಸಿಕೊಳ್ಳುತ್ತದೆ. ಶುಕ್ರವಾರವಾದರೆ ಮಡಿಕೇರಿಯಲ್ಲಿ ಸಂತೆ, ಊರೊಳಗೆ ಸೈಕಲ್ ತಳ್ಳಿಕೊಂಡೇ ಹೋಗಿ. ಐದನೆಯ ದಿನ ಸುಂಟಿಕೊಪ್ಪದ ಮೇಲೆ ಕುಶಾಲನಗರಕ್ಕೆ 30 ಕಿಲೋಮೀಟರ್, ಹೆಚ್ಚಿನದು ಇಳಿಜಾರು. ಆದರೆ ಅದು ರಾಷ್ಟ್ರೀಯ ಹೆದ್ದಾರಿ 275. ಬಸ್ಸು, ಲಾರಿ, ರಜೆಗೆ ಬಂದ ಕಾರುಗಳು. ಬೆಳಕು ಹರಿದ ಕೂಡಲೇ ಹೊರಟು, ಒಬ್ಬರ ಹಿಂದೆ ಒಬ್ಬರಾಗಿ, ನಡುವೆ ಅಂತರ ಬಿಟ್ಟು ಬನ್ನಿ.

ದಿನಚರಿ

ಹಿಂದಿನ ರಾತ್ರಿ ಊಟಕ್ಕೆ ಮೊದಲು ಮರುದಿನದ ದಾರಿಯ ವಿವರಣೆ ಇರುತ್ತದೆ. ಮೊಬೈಲ್ ನೋಡುತ್ತಾ ಕೂರಬೇಡಿ. ಎಲ್ಲಿ ತಿರುವು, ಎಲ್ಲಿ ರಸ್ತೆ ಕೆಟ್ಟಿದೆ, ನೀರು ಎಲ್ಲಿ, ಗಡುವು ಎಷ್ಟು ಎಂಬ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಳ್ಳಿ. ವಾಹನಕ್ಕೆ ತೋರಿಸುವ ಕೈಸನ್ನೆಯನ್ನೂ ಕೇಳಿಕೊಳ್ಳಿ. ನಮ್ಮಲ್ಲಿ ಹೆಬ್ಬೆರಳು ಎತ್ತಿದರೆ ‘ಸರಿ ಇದ್ದೇನೆ’, ತಲೆಯ ಮೇಲೆ ಕೈ ಇಟ್ಟರೆ ‘ನಿಲ್ಲಿಸಿ’. ಸುಮ್ಮನೆ ಕೈ ಬೀಸಿದರೆ ಚಾಲಕನೂ ಕೈ ಬೀಸಿ ಹೋಗಿಬಿಡುತ್ತಾನೆ.

ಬೆಳಿಗ್ಗೆ ಹೇಳಿದ ಹೊತ್ತಿಗೆ ಬ್ಯಾಗು ವಾಹನದ ಬಳಿ ಇರಬೇಕು. ಒಬ್ಬರ ಬ್ಯಾಗು ಹತ್ತು ನಿಮಿಷ ತಡವಾದರೆ ನೀರಿನ ವಾಹನ ಹತ್ತು ನಿಮಿಷ ತಡ, ಮುಂದಿನವರು ಒಣ ಬಾಟಲಿ ಹಿಡಿದು ರಸ್ತೆಯಲ್ಲಿ ನಿಲ್ಲಬೇಕು. ಹೊರಡುವ ಮೊದಲು ಟಯರ್ ಒತ್ತಿ ನೋಡಿ, ಎರಡೂ ಬ್ರೇಕ್ ಹಿಡಿದು ನೋಡಿ, ಚೈನಿಗೆ ಎಣ್ಣೆ ಇದೆಯೇ ನೋಡಿ. ಒಂದು ನಿಮಿಷದ ಕೆಲಸ.

ರಸ್ತೆಯಲ್ಲಿ ಎಡಬದಿ, ತೋಟದ ರಸ್ತೆಯಲ್ಲಿ ಒಂದೇ ಸಾಲು. ಮುಂದಿನವರು ಗುಂಡಿ ತೋರಿಸಿದರೆ ನೀವು ಹಿಂದಿನವರಿಗೆ ತೋರಿಸಿ. ನಿಲ್ಲಬೇಕಾದರೆ ರಸ್ತೆ ಬಿಟ್ಟು ಇಳಿಯಿರಿ. ತಿರುವಿನಲ್ಲಿ ನಿಂತು ಚಿತ್ರ ತೆಗೆಯುವವರನ್ನು ನಾನು ಗದರುತ್ತೇನೆ, ಅವರು ವಯಸ್ಸಿನಲ್ಲಿ ದೊಡ್ಡವರಾದರೂ ಸರಿ. ಬೆಳಗಿನ ಹೊತ್ತು ಕಾರ್ಮಿಕರನ್ನು ತುಂಬಿಕೊಂಡ ಜೀಪು, ಪಿಕಪ್‌ಗಳು ತೋಟಗಳಿಗೆ ಧಾವಿಸುತ್ತಿರುತ್ತವೆ. ರಸ್ತೆ ಅವರ ಹೊಟ್ಟೆಪಾಡಿನದು, ನಾವು ಬಿಟ್ಟುಕೊಡಬೇಕು.

ಇಳಿಜಾರು

ಏರಿನಲ್ಲಿ ಯಾರಿಗೂ ಗಾಯವಾಗುವುದಿಲ್ಲ. ಇಳಿಜಾರಿನಲ್ಲಿ ಆಗುತ್ತದೆ. ಸಿಲ್ವರ್ ಓಕ್ ಎಲೆಗಳು ತಿರುವಿನ ಒಳಮೈಯಲ್ಲಿ ಗುಡ್ಡೆಯಾಗಿ ಬಿದ್ದಿರುತ್ತವೆ, ಮಂಜಿನಲ್ಲಿ ನೆನೆದರೆ ಬಾಳೆಸಿಪ್ಪೆಗೆ ಸಮ. ವೇಗವನ್ನು ತಿರುವಿಗೆ ಮೊದಲೇ ಇಳಿಸಿ, ತಿರುವಿನೊಳಗೆ ಬ್ರೇಕ್ ಮುಟ್ಟಬೇಡಿ. ಬಲಕ್ಕೆ ತಿರುಗುವಾಗ ಎಡ ಪೆಡಲ್ ಕೆಳಗೆ, ಎಡಕ್ಕೆ ತಿರುಗುವಾಗ ಬಲ ಪೆಡಲ್ ಕೆಳಗೆ. ನೋಟ ಮುಂದಿನ ಚಕ್ರದ ಮೇಲೆ ಇರಬಾರದು, ಹೋಗಬೇಕಾದ ಕಡೆಗೆ ಇರಬೇಕು. ರಿಮ್ ಬ್ರೇಕ್ ಇದ್ದವರು ಒಂದೇ ಸಮನೆ ಒತ್ತಿ ಹಿಡಿದರೆ ರಿಮ್ ಕಾಯುತ್ತದೆ, ಟ್ಯೂಬ್ ಸಿಡಿಯಲೂಬಹುದು. ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ಬಿಡಿ, ಮತ್ತೆ ಹಿಡಿದು ಬಿಡಿ. ಒದ್ದೆಯಾದ ರಿಮ್ ತಡವಾಗಿ ಹಿಡಿಯುತ್ತದೆ ಎಂಬುದೂ ನೆನಪಿರಲಿ.

ಆನೆ

ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ ಸುತ್ತಿನ ತೋಟಗಳಲ್ಲಿ ಆನೆ ಬರುವುದು ಸುದ್ದಿಯಲ್ಲ, ಅಲ್ಲಿಯವರ ನಿತ್ಯದ ಬದುಕು. ಒಂದು ಬೆಳಿಗ್ಗೆ ಸಿದ್ದಾಪುರ ದಾಟಿದ ಮೇಲೆ ರಸ್ತೆ ನಡುವೆ ಲದ್ದಿ ಬಿದ್ದಿತ್ತು, ಚಳಿಯಲ್ಲಿ ಅದರಿಂದ ಹೊಗೆಯೇಳುತ್ತಿತ್ತು. ಪಕ್ಕದ ಬೇಲಿಯ ಕಂಬವೊಂದು ತೋಟದೊಳಕ್ಕೆ ವಾಲಿತ್ತು, ಮೆಣಸಿನ ಬಳ್ಳಿ ಮರದಿಂದ ಕಿತ್ತು ನೆಲದ ಮೇಲೆ ಬಿದ್ದಿತ್ತು. ನಾವು ಹನ್ನೊಂದು ಜನ ಸೈಕಲ್ ನಿಲ್ಲಿಸಿದೆವು. ಯಾರೂ ಏನೂ ಹೇಳಲಿಲ್ಲ. ತೋಟದ ಕಡೆಯಿಂದ ಪಟಾಕಿ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅರಣ್ಯ ಇಲಾಖೆಯ ಸಿಬ್ಬಂದಿ ಬಂದು “ಇಪ್ಪತ್ತು ನಿಮಿಷ ಇಲ್ಲೇ ಇರಿ” ಎಂದರು. ಇದ್ದೆವು.

ಕ್ರಮ ಇಷ್ಟೇ. ಪೂರ್ತಿ ಬೆಳಕಾಗುವ ಮೊದಲು ಈ ಭಾಗದಲ್ಲಿ ಹೊರಡಬೇಡಿ, ಸಂಜೆ ಐದರೊಳಗೆ ತಂಗುವ ಜಾಗ ಸೇರಿ. ಒಬ್ಬರೇ ಮುಂದೆ ಓಡಬೇಡಿ. ಆನೆ ಕಂಡರೆ ಗಂಟೆ ಬಾರಿಸಬೇಡಿ, ಕೂಗಬೇಡಿ, ಚಿತ್ರಕ್ಕೆ ನಿಲ್ಲಬೇಡಿ. ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಿರುಗಿ ವಾಹನ ಸೇರಿ. ಒಂದು ದಾಟಿತು ಎಂದ ಮಾತ್ರಕ್ಕೆ ಮುಗಿಯಲಿಲ್ಲ, ಮರಿಯೋ ಮತ್ತೊಂದೋ ಹಿಂದಿರಬಹುದು. ಸ್ಥಳೀಯರು ನಿಲ್ಲಿ ಎಂದರೆ ನಿಲ್ಲಬೇಕು, ಅಲ್ಲಿ ವಾದಕ್ಕೆ ಜಾಗವಿಲ್ಲ. ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ನಾಯಿಗಳು ಅಟ್ಟಿಸಿಕೊಂಡು ಬಂದರೆ ಮಾತ್ರ ಸೈಕಲ್‌ನಿಂದ ಇಳಿದು ಸೈಕಲ್ಲನ್ನು ಅಡ್ಡ ಹಿಡಿದು ನಡೆಯಿರಿ. ಓಡದವನಲ್ಲಿ ನಾಯಿಗೆ ಆಸಕ್ತಿ ಉಳಿಯುವುದಿಲ್ಲ.

ಹೊಟ್ಟೆ

ಹಸಿವಾಗುವ ಮೊದಲು ತಿನ್ನಿ, ಬಾಯಾರುವ ಮೊದಲು ಕುಡಿಯಿರಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಒಂದೆರಡು ಬಾಳೆಹಣ್ಣು ಅಥವಾ ಕಡಲೆಕಾಯಿ ಚಿಕ್ಕಿ. ಚಳಿಯಲ್ಲಿ ಬೆವರು ಗೊತ್ತಾಗುವುದಿಲ್ಲ, ಹಾಗಾಗಿ ಕೊಡಗಿನಲ್ಲಿ ನೀರು ಕುಡಿಯುವುದನ್ನು ಜನ ಮರೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಸೆಳೆತ. ಪ್ರತಿ ನಿಲ್ದಾಣದಲ್ಲಿ ಎರಡೂ ಬಾಟಲಿ ತುಂಬಿಸಿ, ಒಂದರಲ್ಲಿ ಓಆರ್‌ಎಸ್ ಹಾಕಿ.

ಹೋಂಸ್ಟೇಗಳ ಊಟದ ಬಗ್ಗೆ ಎಚ್ಚರಿಕೆ ಹೇಳುವುದು ಕಷ್ಟ, ಏಕೆಂದರೆ ನನಗೇ ಪಾಲಿಸಲಾಗುವುದಿಲ್ಲ. ಕಡಂಬುಟ್ಟು, ನೂಲ್‌ಪುಟ್ಟು, ಅಕ್ಕಿ ಒಟ್ಟಿ ಎಷ್ಟಾದರೂ ತಿನ್ನಿ, ಅಕ್ಕಿ ಮರುದಿನದ ಕಾಲಿಗೆ ಇಂಧನ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿದ ಕಪ್ಪು ಪಂದಿ ಕರಿಯನ್ನು (ಹಂದಿ ಮಾಂಸದ ಸಾರನ್ನು) ಮಾತ್ರ ತಲಕಾವೇರಿ ಏರಿನ ಹಿಂದಿನ ರಾತ್ರಿ ಎರಡನೆಯ ಸಲ ಬಡಿಸಿಕೊಳ್ಳಬೇಡಿ. ಮಡಿಕೇರಿಯ ಕೊನೆಯ ರಾತ್ರಿಗೆ ಅದನ್ನು ಉಳಿಸಿಕೊಳ್ಳಿ. ಸಸ್ಯಾಹಾರಿಗಳು ಮೊದಲೇ ತಿಳಿಸಿದರೆ ಬೆಂಬಲೆ (ಎಳೆ ಬಿದಿರು), ಕೂಮು (ಅಣಬೆ) ಸಿಗುವ ಕಾಲವಲ್ಲದಿದ್ದರೂ ಬೇರೇನಾದರೂ ಮಾಡಿಕೊಡುತ್ತಾರೆ. ಬೆಲ್ಲದ ಕಾಫಿ ಕೊಟ್ಟರೆ ಬೇಡ ಎನ್ನಬೇಡಿ. ಮನೆಯಲ್ಲೇ ಮಾಡಿದ ವೈನ್ ಕೊಟ್ಟರೆ ಕೊನೆಯ ದಿನದವರೆಗೆ ಬೇಡ ಎನ್ನಿ.

ವಾಹನ ಹತ್ತುವುದು

ನನ್ನ ಮೊದಲ ಪ್ರವಾಸದಲ್ಲಿ ನಾನು ಸವಾರನಾಗಿಯೇ ಬಂದಿದ್ದೆ. ಭಾಗಮಂಡಲ ತಲುಪುವಾಗಲೇ ಗಡುವು ಮೀರಿತ್ತು. ಹಿಂದಿನ ವಾಹನ ಪಕ್ಕಕ್ಕೆ ಬಂತು, ಚಾಲಕ ಬಾಗಿಲು ತೆರೆದು “ಹತ್ತಿ ಅಣ್ಣ” ಎಂದ. ಬೇಡ ಎಂದೆ. ಎಂಟು ಕಿಲೋಮೀಟರ್ ತಾನೆ ಎಂದುಕೊಂಡೆ. ಆ ಎಂಟನ್ನು ಹತ್ತಲು ಒಂದೂಮುಕ್ಕಾಲು ಗಂಟೆ ಬೇಕಾಯಿತು. ಅಷ್ಟು ಹೊತ್ತೂ ವಾಹನ ಮೊದಲ ಗೇರ್‌ನಲ್ಲಿ ನನ್ನ ಹಿಂದೆ ಗುರುಗುಟ್ಟುತ್ತಾ ಬಂತು. ಮೇಲೆ ತಲುಪಿ ಗೆದ್ದವನಂತೆ ಕೈ ಎತ್ತಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಉಳಿದವರೆಲ್ಲ ಬೆವರಿನ ಅಂಗಿಯಲ್ಲೇ ಗಾಳಿಗೆ ನಡುಗುತ್ತಾ ಕೂತಿದ್ದರು. ಅವರ ಜಾಕೆಟ್‌ಗಳು ನನ್ನ ಹಿಂದಿದ್ದ ವಾಹನದಲ್ಲಿದ್ದವು. ಎಲ್ಲರೂ ಇಳಿಯುವ ಹೊತ್ತಿಗೆ ಮಂಜು ಕವಿದು ಕತ್ತಲಾಗಿತ್ತು. ಒಬ್ಬರು ಬಿದ್ದು ಮೊಣಕೈ ತರಚಿಕೊಂಡರು. ಅವರು ನನಗೆ ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಆದ್ದರಿಂದ ಹೊರಡುವ ಮೊದಲೇ ನಿಮ್ಮೊಳಗೆ ಲೆಕ್ಕ ಮಾಡಿಕೊಳ್ಳಿ. ಮಂಡಿ ಅಥವಾ ಎದೆ ನೋವು, ತಲೆ ಸುತ್ತು, ಮೈ ನಡುಕ, ಬ್ರೇಕ್ ಹಿಡಿಯಲಾಗದಷ್ಟು ಕೈಸೋಲು, ಗಡುವು ಮೀರುವ ಸೂಚನೆ, ಇವುಗಳಲ್ಲಿ ಯಾವುದು ಕಂಡರೂ ತಲೆಯ ಮೇಲೆ ಕೈ ಇಡಿ. ಹತ್ತು ಕಿಲೋಮೀಟರ್ ವಾಹನದಲ್ಲಿ ಕೂತು, ಏನಾದರೂ ತಿಂದು, ಇಳಿಜಾರು ಮುಗಿದ ಮೇಲೆ ಮತ್ತೆ ಸೈಕಲ್ ಹತ್ತಬಹುದು. ಎದೆ ನೋವು ಮಾತ್ರ ಹಾಗಲ್ಲ. ಅಂದಿಗೆ ಸವಾರಿ ಮುಗಿಯಿತು, ನೇರ ಆಸ್ಪತ್ರೆಗೆ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ವಿರಾಜಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆ, ಆಂಬುಲೆನ್ಸ್‌ಗೆ 108. ಬಿದ್ದು ತಲೆಗೆ ಪೆಟ್ಟಾದವರು ‘ಏನೂ ಆಗಿಲ್ಲ’ ಎಂದರೂ ಅಂದು ಮತ್ತೆ ಸೈಕಲ್ ಹತ್ತುವಂತಿಲ್ಲ. ಅಂಥವರ ಸೈಕಲ್ಲನ್ನು ನಾನೇ ವಾಹನದ ಮೇಲೆ ಕಟ್ಟಿಬಿಡುತ್ತೇನೆ. ಹೆಲ್ಮೆಟ್‌ಗೆ ಪೆಟ್ಟು ಬಿದ್ದಿದ್ದರೆ ಅದು ಕಸಕ್ಕೆ.

ಹಿಂದೆ ಬೀಳುವುದಕ್ಕೆ ಕ್ಷಮೆ ಕೇಳುತ್ತಾ ಇರುವವರೂ ಇದ್ದಾರೆ. ಬೇಡ. ಗಡುವಿನೊಳಗೆ ಎಷ್ಟು ನಿಧಾನ ಬಂದರೂ ಜೊತೆಗೆ ಬರುವುದು ನನ್ನ ಕೆಲಸ. ಏರು ತೀರಾ ಕಡಿದಾದರೆ ಇಳಿದು ತಳ್ಳಿ, ನಾನೂ ತಳ್ಳುತ್ತೇನೆ. ಮೆಣಸಿನ ಬಳ್ಳಿ, ಕಿತ್ತಳೆ ಮರ, ದೂರದ ಐನ್‌ಮನೆಯ (ಕೊಡವರ ಕುಟುಂಬದ ಮೂಲಮನೆಯ) ಹೆಂಚು ಕಾಣುವುದು ಆಗಲೇ.

ಕುಶಾಲನಗರಕ್ಕೆ ಮರಳಿದ ಮೇಲೆ

ಆಯೋಜಕರು ಕೊಟ್ಟ ಸವಾರರ ನಂಬರ್ ಚೀಟಿ ವಾಪಸ್ ಕೊಡಿ. ಎಲ್ಲರೂ ಬಂದರೇ ಎಂದು ಎಣಿಸುವುದು ಅದರಿಂದಲೇ. ಚಾಲಕರಿಗೂ ಮೆಕ್ಯಾನಿಕ್‌ಗೂ ತಂಡದವರೆಲ್ಲ ಸೇರಿ ಒಂದಿಷ್ಟು ಹಣ ಕೊಡುವುದು ರೂಢಿ, ಅದನ್ನು ಅವರ ಕೈಗೇ ಕೊಡಿ. ಸೈಕಲ್ ಒರೆಸಿ ಚೈನಿಗೆ ಎಣ್ಣೆ ಬಿಡಿ, ಟಯರಿನಲ್ಲಿ ಚುಚ್ಚಿಕೊಂಡ ಕಲ್ಲು, ಮುಳ್ಳು ತೆಗೆಯಿರಿ. ಬಸ್ಸಿಗೆ ಹಾಕುವುದಾದರೆ ಮುಂದಿನ ಚಕ್ರ ಮತ್ತು ಪೆಡಲ್‌ಗಳನ್ನು ಬಿಚ್ಚಬೇಕು. ಬಲ ಪೆಡಲ್ ಎಲ್ಲ ತಿರುಪುಗಳಂತೆ 

ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಎಡ ಪೆಡಲ್ ಉಲ್ಟಾ, ಬಲಕ್ಕೆ ತಿರುಗಿಸಬೇಕು. ಐದು ದಿನ ತುಳಿದು ದಣಿದ ಜನ ಬಸ್ ನಿಲ್ದಾಣದಲ್ಲಿ ಅದನ್ನು ಎಡಕ್ಕೇ ಒತ್ತಿ ಒತ್ತಿ ಇನ್ನಷ್ಟು ಬಿಗಿ ಮಾಡಿ ಕೊನೆಗೆ ನನ್ನನ್ನು ಕರೆಯುತ್ತಾರೆ.